ಒಂದು ನಿಮಿಷ ಮಗ್ಗ ನಿಲ್ಲಿಸ್ರಿ

ಗುಳೇದಗುಡ್ಡದಲ್ಲಿ ಶೂಟಿಂಗಿನ ಕೊನೆಯ ದಿನ.
ಕುಬೇರಪ್ಪನ ಕೈ ತೆಗೆದಾಯ್ತು, ಕಾಲು ತೆಗೆದಾಯ್ತು,
ಲಾಳಿ ಎಡದಿಂದ ಬಲಕ್ಕೆ ಹೋದದ್ದು, ಬಲದಿಂದ ಎಡಕ್ಕೆ ಬಂದದ್ದು,
ಕನ್ನಡಕದ ಗಾಜಿನೊಳಗೆ ಕೆಂಪು ಖಣ ಇಷ್ಟಿಷ್ಟೇ ಬೆಳೆದದ್ದು,
ಎಲ್ಲ ಫಯಾಜನ ಕ್ಯಾಮೆರಾದಲ್ಲಿದೆ.
ನನ್ನದೊಂದು ಬಾಕಿ.

ನಾನು ಸೌಂಡಿನವನು. ಬಾಗಲಕೋಟೆಯಲ್ಲಿ ಹತ್ತು ವರ್ಷ
ಮದುವೆ ವಿಡಿಯೊಗಳಿಗೆ ವಾಲಗ ಹಿಡಿದವನು.
ಸಾಕ್ಷ್ಯಚಿತ್ರ ಇದೇ ಮೊದಲು. ತನುಜಾ ಮೇಡಂ ಕಲಿಸಿದ್ದರು:
ಮನೆ ಬಿಡುವ ಮುಂಚೆ ಒಂದು ನಿಮಿಷ
ಬರೀ ಮನೆಯನ್ನೇ ರೆಕಾರ್ಡ್ ಮಾಡಿಕೊ,
ಮಾತು ಕತ್ತರಿಸಿದಲ್ಲಿ ತೇಪೆ ಹಚ್ಚೋಕೆ ಬೇಕಾಗ್ತದೆ.

"ಒಂದ್ ನಿಮಿಷ ಎಲ್ಲಾರೂ ಸುಮ್ಮನಿರಬೇಕ್ರಿ" ಅಂದೆ.
ಕುಬೇರಪ್ಪ ಲಾಳಿ ಹಿಡಿದೇ ತಲೆ ಎತ್ತಿದ:
"ಯಾರು ತೀರಿಕೊಂಡ್ರು?"

ಯಾರೂ ಇಲ್ಲ ಎಂದು ತಿಳಿಸಿ ಹೇಳುವುದರೊಳಗೆ
ಗೋಡೆಯಾಚೆ ಲಟಕ್ ಪಟಕ್. ಎದುರು ಮನೆ ಲಟಕ್ ಪಟಕ್.
ಓಣಿ ತುದಿಗೊಂದು ಪವರ್‌ಲೂಮ್,
ಅದಕ್ಕೆ ಉಸಿರೆಳೆಯುವ ಗೊಡವೆಯೇ ಇಲ್ಲ.
ಹೆಡ್‌ಫೋನ್ ಕೊರಳಿಗೆ ಹಾಕಿಕೊಂಡು
ಪಟ್ಟಿ ಎತ್ತುವವನ ಹಾಗೆ ಮನೆಮನೆ ತಿರುಗಿದೆ.
"ಒಂದೇ ನಿಮಿಷ ಮಗ್ಗ ನಿಲ್ಲಿಸ್ರಿ."
"ಯಾಕಪಾ, ರೇಟ್ ಏರ್ತದೇನು?" ಅಂದನೊಬ್ಬ.
ನಕ್ಕರು. ನಿಲ್ಲಿಸಿದರು. ಹನ್ನೊಂದು ಮಗ್ಗ.
ಪವರ್‌ಲೂಮಿನ ಹುಡುಗ ಬಲು ಹೊತ್ತು ನನ್ನ ಮುಖ ನೋಡಿ
ಸ್ವಿಚ್ಚು ಆರಿಸಿದ.

ಓಡಿ ಬಂದು ಗುಂಡಿ ಒತ್ತಿದೆ.

ಮೊದಲು ಏನೂ ಇಲ್ಲ. ಆಮೇಲೆ
ಬಚ್ಚಲಲ್ಲಿ ನಳ ತೊಟ್ಟಿಕ್ಕುವುದು. ಗುಡ್ಡದ ಕಡೆ ಒಂದು ಮೇಕೆ.
ಕುಣಿಯೊಳಗೆ ಕುಬೇರಪ್ಪನ ಕಾಲು;
ಮಗ್ಗ ನಿಂತದ್ದು ಅವಕ್ಕೆ ಯಾರೂ ಹೇಳಿಲ್ಲ,
ಹಲಗೆಯಿಂದ ಇಳಿದರೂ ತಮ್ಮಷ್ಟಕ್ಕೆ ತಾವು
ಒಂದಾದ ಮೇಲೊಂದು ಗಾಳಿ ತುಳಿಯುತ್ತಿವೆ,
ತುಳಿದಾಗೊಮ್ಮೆ ಎಡ ಮೊಣಕಾಲು 'ಕಟ್'.

ಇಪ್ಪತ್ತನೇ ಸೆಕೆಂಡಿಗೆ ಶಿವಗಂಗವ್ವನ ಪಿಸುಮಾತು:
"ಅಯ್ಯ, ಈ ಗಡಿಯಾರ ಸಪ್ಪಳ ಮಾಡ್ತೈತಾ?"
ಮೂವತ್ತೊಂದು ವರ್ಷದಿಂದ ಅದರ ಕೆಳಗೇ ಕೂತು
ಕಂಡಿಕೆ ಸುತ್ತಿದವಳು.
ಮೇಡಂ ತುಟಿಯ ಮೇಲೆ ಬೆರಳಿಟ್ಟರು.

ನಲವತ್ತನೆಯದಕ್ಕೆ, ಹೇಳಬಾರದು,
ನನ್ನ ಹೊಟ್ಟೆ ಗುರ್ರ್ ಎಂದಿತು.
ಬೆಳಗಿನಿಂದ ಇನ್ನೊಬ್ಬರ ಉಸಿರು, ಇನ್ನೊಬ್ಬರ ಕೆಮ್ಮು
ಕಿವಿಗೆ ಹಚ್ಚಿಕೊಂಡವನ ಹೊಟ್ಟೆ.
ಮೀಟರಿನ ಹಸಿರು ಕಡ್ಡಿ ಎದ್ದು ಕೂತಿತು.

ಅರವತ್ತು. ನಾನು ಕೈ ಎತ್ತುವ ಮುನ್ನವೇ
ಓಣಿಯೆಲ್ಲ ಮತ್ತೆ ಲಟಕ್ ಪಟಕ್.
ಶಿವಗಂಗವ್ವ ಎದ್ದು ಒಲೆ ಕಡೆ ಹೋದಳು.
ಎರಡು ರೊಟ್ಟಿ, ಪುಂಡಿಪಲ್ಯೆ, ಹಸಿ ಉಳ್ಳಾಗಡ್ಡಿ
ಮೈಕಿನ ಪಕ್ಕಕ್ಕೇ ತಂದಿಟ್ಟಳು:
"ತಿನ್ನು. ನಾ ಕೇಳೇನಿ."

ಸಿನಿಮಾ ಇಪ್ಪತ್ತೆಂಟು ನಿಮಿಷ.
ನನ್ನ ಆ ಒಂದರಿಂದ ನಾಲ್ಕು ಸೆಕೆಂಡು ತಗೊಂಡಿದ್ದಾರೆ,
ಅಪ್ಪ ತೀರಿಕೊಂಡ ಮಾತು ಮುಗಿದು
ಖಣದ ದರದ ಮಾತು ಸುರುವಾಗುವ ಸಂದಿನಲ್ಲಿ.
ಯಾರಿಗೂ ಕೇಳುವುದಿಲ್ಲ.
ಕೇಳಬಾರದು, ತೇಪೆ ಅಂದರೆ ಅದೇ.

ಕುಬೇರಪ್ಪ ಮೊಬೈಲಿನಲ್ಲಿ ನೋಡಿ ಫೋನ್ ಮಾಡಿದ.
"ಚೊಲೊ ಬಂದೈತಿ. ನನ್ನ ಕೈ ನೋಡಿ
ನಮ್ಮಪ್ಪನ ಕೈ ಅಂದ್ಕೊಂಡೆ.
ಆದರ ಅಂವಾ ಯಾರು, ದಪ್ಪ ದನೀಯಂವಾ,
ನಮ್ಮ ಮಾತಿನ ಮ್ಯಾಲ ಮಾತಾಡ್ತಾನಲ್ಲ?
ನಮ್ಮ ಮನಿಗೆ ಅಂವಾ ಬಂದೇ ಇಲ್ಲ."
ನನ್ನಲ್ಲಿ ಉತ್ತರ ಇರಲಿಲ್ಲ.
"ಇರ್ಲಿ. ಹನ್ನೊಂದು ಮಗ್ಗ ನಿಂದ್ರಿಸಿದ್ದಿ,
ಲೆಕ್ಕಾ ಹಾಕೇನಿ.
ನಮ್ಮ ಓಣಿಗೆ ನಾಕು ಬೆರಳು ಖಣ ಕೊಡೋದೈತಿ ನೀ."

ಆ ಕಡೆ, ಅವನ ನಗೆಯ ಹಿಂದೆ,
ಲಾಳಿ ಓಡುತ್ತಲೇ ಇತ್ತು.
ಅದರ ಕೆಳಗೆ, ಸಣ್ಣಗೆ,
ಎಡ ಮೊಣಕಾಲು.